ಫ್ಯಾನಿಲ್ಲದ ಲ್ಯಾಪ್‌ಟಾಪ್

ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಸಂಗೀತದ ಟೀಚರ್ ಇದ್ದರು. ಯಾರು ಏನು ಹೇಳಹೊರಟರೂ ಬೆರಳೆತ್ತಿ ತಡೆದು, ಇನ್ಯಾವುದೋ ಸದ್ದಿಗೆ ಕಿವಿಗೊಟ್ಟು, "ಒಂದ್ನಿಮಿಷ, ಕೇಳಿಸ್ಕೊಳ್ತೀನಿ" ಎನ್ನುತ್ತಿದ್ದರು. ಚಳಿಗಾಲದ ಕೋಟುಗಳು ನೇತಾಡುವ ಕ್ಲಾಸೆಟ್‌ನೊಳಗೆ ಕೂತು ಹಾಡು ರೆಕಾರ್ಡ್ ಮಾಡುತ್ತಿದ್ದರು. ಹಳೆಯ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಪ್ರತಿ ಹಾಡಿನಲ್ಲೂ ಸೇರಿಕೊಳ್ಳುತ್ತಿತ್ತು.

ಹೊಸದನ್ನು ಆರಿಸಲು ನನ್ನನ್ನೂ ಅಂಗಡಿಗೆ ಕರೆದೊಯ್ದರು. ಆನ್‌ಲೈನ್ ಪಾಠಕ್ಕೂ ಈಮೇಲಿಗೂ ರೆಕಾರ್ಡಿಂಗಿಗೂ ಒಂದೇ ಸಾಕಾಗಬೇಕು, ಹೆಗಲಿಗೆ ಭಾರವಾಗಬಾರದು. ಸೇಲ್ಸ್‌ನವನು ಪ್ರೊಸೆಸರ್, ಮೆಮೊರಿ ಎಂದು ಶುರುಮಾಡಿದಾಗ ಅವನಿಗೂ ಬೆರಳೆತ್ತಿದರು. ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ತೂಗಿ, ತಂಬೂರಿಗೆ ಆನಿಸುವಂತೆ ಅದರ ತಳಕ್ಕೆ ಕಿವಿ ಆನಿಸಿದರು. ಕೊನೆಗೆ ಫ್ಯಾನೇ ಇಲ್ಲದ, ಎಲ್ಲಕ್ಕಿಂತ ಹಗುರವಾದದ್ದನ್ನು ತಂದೆವು.

ಮರುವಾರ ಅವರ ಮನೆಗೆ ಹೋದಾಗ ಹಳೆಯ ಲ್ಯಾಪ್‌ಟಾಪ್ ಸ್ಟೂಲಿನ ಮೇಲೆ ಗುಂಯ್‌ಗುಡುತ್ತಿತ್ತು.

"ಇದನ್ಯಾಕೆ ಆನ್ ಮಾಡಿದೀರಿ?" ಎಂದೆ.

"ಹೊಸದು ಚೆನ್ನಾಗಿದೆ. ಆದ್ರೆ ಶ್ರುತಿ ಆ್ಯಪ್‌ನಲ್ಲಿ ತಂಬೂರಿ ಹಾಕಿದ್ರೂ ನಂಗೆ ಶ್ರುತಿ ನಿಲ್ತಿರ್ಲಿಲ್ಲ. ಇಷ್ಟು ವರ್ಷ ನಾನು ಈ ಫ್ಯಾನಿಗೇ ಶ್ರುತಿ ಸೇರಿಸ್ತಿದ್ದೆ ಅಂತ ಈಗ ಗೊತ್ತಾಯ್ತು" ಎಂದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಬೆರಳೆತ್ತಿ, ಹಳೆಯದರತ್ತ ತಲೆ ವಾಲಿಸಿ, ಕಣ್ಣು ಮುಚ್ಚಿ ಷಡ್ಜ ಹಿಡಿದರು.