ಟ್ರಂಕ್ ಕಾಲಿನಲ್ಲಿ ಕೇಳಿದ ಕ್ಲಾರಿನೆಟ್

ರಾಣೆಬೆನ್ನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ವೆಂಕೂಬಾಯಿಗೆ ಸಂಗೀತದ ಗೀಳೇನೂ ಇರಲಿಲ್ಲ. ಮನೆಯಲ್ಲೊಂದು ರೇಡಿಯೋ ಇತ್ತು, ಅದನ್ನೂ ಗಂಡ ಕೃಷ್ಣಾಜಿ ವಾರ್ತೆಗಷ್ಟೇ ಹಚ್ಚುತ್ತಿದ್ದ. ಎಂಬತ್ತೆರಡರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಟ್ರಂಕ್ ಕಾಲಿಗಾಗಿ ಬ್ಯಾಡಗಿಯ ಲೈನು ಹಿಡಿದು ಕಾಯುತ್ತಿದ್ದಾಗ ಅವಳ ಹೆಡ್‌ಫೋನಿನಲ್ಲಿ ಕ್ಲಾರಿನೆಟ್ ಕೇಳಿಸಿತು. ಗೊರಗೊರ ಸದ್ದಿನ ಆಚೆ, ಎಲ್ಲೋ ದೂರದಲ್ಲಿ, ನಿಧಾನವಾಗಿ ಏರಿ, ಇನ್ನೇನು ಮುಗಿಯಿತು ಅನ್ನುವಲ್ಲಿ ಹೊರಳಿ ಮತ್ತೆ ಏರುವ ಸ್ವರ. ಕೈಯಲ್ಲಿದ್ದ ಪ್ಲಗ್ಗು ಕೈಯಲ್ಲೇ ಉಳಿಯಿತು.

ಬ್ಯಾಡಗಿ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಆಪರೇಟರ್ ಕರಬಸಪ್ಪ ಇರುತ್ತಿದ್ದ. ವರ್ಷಗಟ್ಟಲೆ ದಿನವೂ ಮಾತಾಡಿದ್ದರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅದೇನು ಸಪ್ಪಳ ಎಂದು ಅವನನ್ನು ಕೇಳಿದಳು.

"ದಾದಾಸಾಬನ ಬ್ಯಾಂಡಿನವರ್ರೀ ಬಾಯಾರ. ನಮ್ಮ ಹಿಂದಿನ ಶೆಡ್ಡಿನ್ಯಾಗ ತಾಲೀಮು ನಡಸ್ಯಾರ. ಕ್ಲಾರಿನೆಟ್ ಊದಾಂವ ಸಲಾವುದ್ದೀನ. ಕಿಟಕಿ ಮುಚ್ಚಲೇನು?"

"ಬ್ಯಾಡ್ರಿ," ಎಂದಳು ವೆಂಕೂಬಾಯಿ. "ತಗದ ಇರಲಿ."

ಅಂದಿನಿಂದ ಮಧ್ಯಾಹ್ನದ ಪಾಳಿ ಬಿಟ್ಟು ಬೇರೆ ಪಾಳಿ ಬಂದರೆ ಅವಳಿಗೆ ಸಿಟ್ಟು ಬರತೊಡಗಿತು. ಡೋಲು, ತುತ್ತೂರಿಗಳು ತಂತಿಯಲ್ಲಿ ಬರೀ ಗದ್ದಲವಾಗಿ ಬರುತ್ತಿದ್ದವು. ಅವು ನಿಂತ ಮೇಲೆ ಕ್ಲಾರಿನೆಟ್ಟೊಂದೇ ಬಿಡಿಯಾಗಿ ಕೇಳುತ್ತಿತ್ತು. ಅಷ್ಟರಲ್ಲಿ ಯಾರಾದರೂ ಲೈನು ಕೇಳುತ್ತಿದ್ದರು, ಅದು ತುಂಡಾಗುತ್ತಿತ್ತು. ಮನೆಗೆ ಬಂದರೂ ಆ ತುಂಡು ತಲೆಯಲ್ಲಿ ಸುತ್ತುತ್ತಿತ್ತು. ಹಂಚಿನ ಮೇಲಿನ ಚಪಾತಿ ಕರಕಾಗುತ್ತಿತ್ತು. ಎದುರಿಗೆ ನಿಂತು ಒಮ್ಮೆ ಪೂರ್ತಿ ಕೇಳಬೇಕು ಎಂದು ಗಂಡನಿಗೆ ಹೇಳಿದಳು. ಬ್ಯಾಂಡ್ ಕೇಳಲಿಕ್ಕೆಂದು ಯಾರಾದರೂ ಊರಿಂದೂರಿಗೆ ಹೋಗುತ್ತಾರೆಯೇ ಎಂದು ಕೃಷ್ಣಾಜಿ ನಕ್ಕ. ಆದರೆ ಬರುವುದಿಲ್ಲ ಎನ್ನಲಿಲ್ಲ.

ತೊಡಕಾಗಿದ್ದು ಮದುವೆಯ ಹಂಗಾಮು. ದಾದಾಸಾಬನ ಬ್ಯಾಂಡಿಗೆ ಕೈತುಂಬ ಕೆಲಸವಿದ್ದ ದಿನಗಳಲ್ಲೇ ಎಕ್ಸ್‌ಚೇಂಜಿನವರೂ ತಮ್ಮ ತಮ್ಮ ಬಳಗದ ಮದುವೆಗಳಿಗೆ ರಜೆ ಹಾಕುತ್ತಿದ್ದರು. ಮಕ್ಕಳಿಲ್ಲದ ವೆಂಕೂಬಾಯಿಗೆ ಎಲ್ಲರ ಪಾಳಿಯೂ ಬೀಳುತ್ತಿತ್ತು.

ಒಂದು ಸಂಜೆ ಆ ಬ್ಯಾಂಡು ರಾಣೆಬೆನ್ನೂರಿಗೇ ಬಂತು. ಸ್ಟೇಷನ್ ರಸ್ತೆಯಲ್ಲಿ ವರನ ಮೆರವಣಿಗೆ ಎಂದು ಕರಬಸಪ್ಪ ಮೊದಲೇ ತಿಳಿಸಿದ್ದ. ಅದು ಎಕ್ಸ್‌ಚೇಂಜಿನ ಮುಂದೆಯೇ ಹಾದುಹೋಗಬೇಕು. ಎದ್ದು ಕಿಟಕಿಗೆ ಹೋದರೆ ಸಾಕಿತ್ತು. ಅದೇ ಹೊತ್ತಿಗೆ ಹಲಗೇರಿಯ ಜಟ್ಟೆಪ್ಪನೆಂಬ ರೈತ ಹುಬ್ಬಳ್ಳಿಯ ಆಸ್ಪತ್ರೆಗೆ ಲೈನು ಬೇಡಿ ಕುಳಿತಿದ್ದ. ಅವನ ಮಗಳ ಹೆರಿಗೆ ಕಷ್ಟವಾಗಿತ್ತು. ಲೈನು ಸಿಗುವುದು, ಕಡಿಯುವುದು, ಮತ್ತೆ ಸಿಗುವುದು. ಬೋರ್ಡಿನಲ್ಲಿ ಅವಳೊಬ್ಬಳೇ. ಕೆಳಗೆ ರಸ್ತೆಯಲ್ಲಿ ಡೋಲು ಹತ್ತಿರ ಬಂತು, ಪೆಟ್ರೋಮ್ಯಾಕ್ಸ್ ದೀಪಗಳ ಬೆಳಕು ಗೋಡೆಯ ಮೇಲೆ ಹರಿದು ಹೋಯಿತು. ಒಂದು ಕಿವಿಯಲ್ಲಿ ಬ್ಯಾಂಡು, ಇನ್ನೊಂದರಲ್ಲಿ ಹುಬ್ಬಳ್ಳಿಯ ಆಪರೇಟರನ "ಹಲೋ, ಹಲೋ". ವೆಂಕೂಬಾಯಿ ಕೀ ಬಿಡಲಿಲ್ಲ. ಜಟ್ಟೆಪ್ಪನಿಗೆ ಮಾತು ಸಿಕ್ಕಿತು, ತಾಯಿ ಮಗು ಇಬ್ಬರೂ ಉಳಿದಿದ್ದರು. ಅವನು ಕೌಂಟರಿನಾಚೆ ನಿಂತು ಅತ್ತ. ಅವಳಿಗೂ ಅಳು ಬಂತು, ಆದರೆ ಯಾವುದಕ್ಕೆ ಎಂದು ಅವಳಿಗೇ ಹೇಳಲಾಗುತ್ತಿರಲಿಲ್ಲ.

ಮರುವರ್ಷ ಹಟ ಹಿಡಿದು ರಜೆ ತೆಗೆದುಕೊಂಡಳು. ಮೋಟೆಬೆನ್ನೂರಿನಲ್ಲಿ ಗೊತ್ತಿಲ್ಲದವರ ಮದುವೆ, ದಾದಾಸಾಬನ ಬ್ಯಾಂಡು. ಗಂಡನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ದಾರಿಯಲ್ಲಿ ಬಸ್ಸು ಪಂಕ್ಚರಾಯಿತು. ಡ್ರೈವರ್ ಗಾಲಿ ಬಿಚ್ಚುವಷ್ಟು ಹೊತ್ತೂ ಅವಳು ರಸ್ತೆಯ ಆ ಬದಿ ಈ ಬದಿ ಅಡ್ಡಾಡಿದಳು. ಹೋಗಿ ಮುಟ್ಟಿದಾಗ ಅಕ್ಷತೆ ಬಿದ್ದಾಗಿತ್ತು. ಹಂದರದ ಹಿಂದೆ ಬ್ಯಾಂಡಿನವರು ಕೆಂಪು ಕೋಟಿನ ಗುಂಡಿ ಬಿಚ್ಚಿಕೊಂಡು ಊಟಕ್ಕೆ ಕುಳಿತಿದ್ದರು. ಸಲಾವುದ್ದೀನ ಎತ್ತರದ ಆಳು ಎಂದು ಅವಳು ಎಣಿಸಿದ್ದಳು. ಯಾರೋ ತೋರಿಸಿದರೆ, ದಪ್ಪ ಕನ್ನಡಕದ ಸಣಕಲ ಮನುಷ್ಯ, ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತಿದ್ದ. ಉಣ್ಣುವವನನ್ನು ಊದು ಎನ್ನುವುದು ಹೇಗೆ? ದಾದಾಸಾಬನೇ ಎದ್ದು ಬಂದು, ಅವಳು ಬಂದ ಕಾರಣ ಕೇಳಿ, ಯಾವ ಐತವಾರ ಬೇಕಾದರೂ ಬ್ಯಾಡಗಿಗೆ ಬರಬೇಕು, ಕೂರಿಸಿ ಕೇಳಿಸುತ್ತೇನೆ ಎಂದ. ಹೋಗೋಣ ಎಂದುಕೊಂಡಳು. ಅತ್ತೆ ಹಾಸಿಗೆ ಹಿಡಿದರು. ಕೃಷ್ಣಾಜಿಗೆ ಹಾವೇರಿಗೆ ವರ್ಗವಾಯಿತು. ಐತವಾರಗಳು ಬಟ್ಟೆ ಒಗೆಯುವುದರಲ್ಲಿ, ಹಾವೇರಿಗೆ ಓಡಾಡುವುದರಲ್ಲಿ ಹೋದವು.

ಆಮೇಲೆ ಊರಿಗೆ ಹೊಸ ಎಕ್ಸ್‌ಚೇಂಜು ಬಂತು. ಜನ ತಾವೇ ನಂಬರು ತಿರುಗಿಸತೊಡಗಿದರು, ಬೋರ್ಡು ಮೂಲೆಗೆ ಹೋಯಿತು, ವೆಂಕೂಬಾಯಿ ದೂರು ಬರೆದುಕೊಳ್ಳುವ ಮೇಜಿಗೆ ಬಂದಳು. ಬ್ಯಾಡಗಿಯ ಕಿಟಕಿಯೂ ಕರಬಸಪ್ಪನ ದನಿಯೂ ಒಟ್ಟಿಗೇ ನಿಂತುಹೋದವು. ಮದುವೆಗಳಿಗೆ ಆರ್ಕೆಸ್ಟ್ರಾದವರು ದೊಡ್ಡ ಸ್ಪೀಕರ್ ಹೊತ್ತು ಬರುತ್ತಿದ್ದ ಕಾಲ ಅದು.

ತೊಂಬತ್ತನಾಲ್ಕರಲ್ಲಿ ಒಂದು ಐತವಾರ, ಯಾರಿಗೂ ಹೇಳದೆ, ಅವಳು ಬ್ಯಾಡಗಿಗೆ ಹೋದಳು. ಕರಬಸಪ್ಪನ ಮನೆ ಹುಡುಕಿದಳು. ಬಾಗಿಲಲ್ಲಿ ಮಾತಾಡಿದ್ದೇ ತಡ, ದನಿಯಿಂದಲೇ ಅವನು ಗುರುತು ಹಿಡಿದ. ದಾದಾಸಾಬ ತೀರಿಕೊಂಡು ಬ್ಯಾಂಡು ಒಡೆದಿತ್ತು. ಕರಬಸಪ್ಪ ಅವಳನ್ನು ಸಲಾವುದ್ದೀನನ ಗಾದಿ ಅಂಗಡಿಗೆ ಕರೆದೊಯ್ದ. ಸಲಾವುದ್ದೀನ ಹತ್ತಿ ತುಂಬುತ್ತಿದ್ದ, ಮೈಯೆಲ್ಲ ಬಿಳುಪು. ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಹೋಗಿದ್ದವು. ಅವಿಲ್ಲದೆ ಕ್ಲಾರಿನೆಟ್ ಹಿಡಿಯಲಾಗದು ಎಂದ.

ತಾನು ಕೇಳಿದ್ದು ಯಾವುದೆಂದು ವೆಂಕೂಬಾಯಿ ನಾಚುತ್ತಲೇ ಗುನುಗಿ ತೋರಿಸಿದಳು. ಅವನ ಕೈ ಹತ್ತಿಯಲ್ಲೇ ನಿಂತಿತು.

"ಮೆರವಣಿಗ್ಯಾಗ ನಾ ಅದನ್ನ ಎಂದೂ ಊದಿಲ್ರಿ ಬಾಯಾರ," ಎಂದ. "ಮಂದೀಗೆ ಕುಣ್ಯಾಕ ಸಿನಿಮಾ ಹಾಡು ಬೇಕು. ಎಲ್ಲಾರೂ ಚಾ ಕುಡ್ಯಾಕ ಹೋದಾಗ ನನ್ನಷ್ಟಕ್ಕ ನಾ ಊದತಿದ್ದೆ."

"ಹಂಗಾದ್ರ ನಾ ಆ ಶೆಡ್ಡಿಗೇ ಬರಬೇಕಾಗಿತ್ತು."

"ಹೌದ್ರಿ. ಬಾಗಲಾ ತಗದ ಇರ್ತಿತ್ತು."

ಮರಳುವ ಬಸ್ಸಿನಲ್ಲಿ ಅವಳಿಗೆ ಸಮಾಧಾನವಾಗಲಿಲ್ಲ. ಎಷ್ಟು ಮದುವೆಗಳಿಗೆ ಓಡಿದ್ದರೂ ಅದು ಸಿಗುತ್ತಿರಲಿಲ್ಲ ಎಂಬುದಕ್ಕಿಂತ, ಅರ್ಧ ತಾಸಿನ ದಾರಿಯಲ್ಲಿ ಬಾಗಿಲು ತೆರೆದೇ ಇತ್ತು ಎಂಬುದು ಚುಚ್ಚುತ್ತಿತ್ತು.

ಅಲ್ಲಿಂದಾಚೆ ಯಾವ ಓಣಿಯಲ್ಲಿ ಬ್ಯಾಂಡಿನ ಸದ್ದಾದರೂ ಸೀಮೆಎಣ್ಣೆ ಸ್ಟೋ ಆರಿಸಿ ಹೊರಟುಬಿಡುತ್ತಿದ್ದಳು. ಮೆರವಣಿಗೆಯ ಜೊತೆ ಒಂದಷ್ಟು ದೂರ ನಡೆದು, ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಹೇಗಿತ್ತು ಎಂದು ಕೃಷ್ಣಾಜಿ ಕೇಳಿದರೆ, "ಛಲೋ ಊದಿದ್ರು. ಆದ್ರ ಅದಲ್ಲ" ಎಂದು ಸ್ಟೋ ಹಚ್ಚಲು ಕೂರುತ್ತಿದ್ದಳು.