ಎರೆತೊಟ್ಟಿಗೆ ಒಣಮೀನಿನ ನೀರು

ಎರೆಹುಳದ ತೊಟ್ಟಿಗೆ ಒಣಮೀನು ನೆನೆಸಿದ ನೀರು ಹೊಯ್ದದ್ದು ಅತ್ತಿಗೆ. ಹೊಯ್ಯಿಸಿದ್ದು ನಾನು. ಅದೂ ನನ್ನ ಸ್ವರದಲ್ಲಲ್ಲ, ಬ್ರಹ್ಮಾವರದಲ್ಲಿ ಅವಳಿಗೆ ಎರೆಗೊಬ್ಬರದ ತರಬೇತಿ ಕೊಟ್ಟ ಮೇಷ್ಟ್ರ ಸ್ವರದಲ್ಲಿ. ಬೇರೆಯವರ ಗಂಟಲು ನನ್ನ ಬಾಯಿಗೆ ಬಂದರೆ ತಲೆ ರಜೆ ಹಾಕುತ್ತದೆ.

ನಮ್ಮದು ಕೋಟೇಶ್ವರದ ಹತ್ತಿರ ಮೀನು ಒಣಗಿಸಿ ಮಾರುವ ಮನೆ. ಅತ್ತಿಗೆ ಅಮಾಸೆಬೈಲಿನ ಕೃಷಿಕರ ಮಗಳು. ಮದುವೆಯಾಗಿ ಬಂದವಳು ಅಂಗಳದ ಮೂಲೆಯಲ್ಲಿ ತೊಟ್ಟಿ ಕಟ್ಟಿಸಿ, ಹಳೆ ಸೆಗಣಿ, ಬಾಳೆದಿಂಡು, ಒಣ ಎಲೆ ತುಂಬಿ ಹುಳ ಬಿಟ್ಟಳು. ಅಮ್ಮನಿಗೆ ಆ ಮೂಲೆ ಮೀನಿನ ಚಾಪೆ ಹಾಸಲು ಬೇಕಿತ್ತು.

"ಮೀನ್ ಒಣ್ಗ್ಸು ಜಾಗದಗೆ ಹುಳ ಸಾಂಕುದಾ? ಕಂಡವ್ರ್ ಎಂತ ಹೇಳ್ತ್ರ್?"

ಕೊನೆಗೆ ಅಮ್ಮನೇ ತೀರ್ಪು ಕೊಟ್ಟಳು. ಭಾನುವಾರ ಮಹಿಳಾ ಸಂಘದವರು ಹುಳ ಒಯ್ಯಲು ಬರುತ್ತಾರಂತೆ. ಅವರಿಗೆ ಕೊಡುವಷ್ಟು ಹುಳ ಆಗಿದ್ದರೆ ತೊಟ್ಟಿ ಇರಲಿ, ಆಗದಿದ್ದರೆ ಒಡೆಯುವುದು. ಅತ್ತಿಗೆ ತಲೆಯಾಡಿಸಿದಳು. ಅಂದಿನಿಂದ ಅವಳು ತೊಟ್ಟಿಯ ಹತ್ತಿರ ಹೋಗುವಾಗ ಕೂಸು ಮಲಗಿದ ಕೋಣೆಗೆ ಹೋಗುವಂತೆ ಹೆಜ್ಜೆ ಇಡುತ್ತಿದ್ದಳು. ನಾನು ಆ ನಡಿಗೆಯನ್ನೂ ಅನುಕರಿಸಿ ತೋರಿಸಿದ್ದೆ.

ನಮ್ಮ ಕಡೆ ಮೀನು ತೊಳೆದ ನೀರನ್ನು ಯಾರೂ ಸುಮ್ಮನೆ ಚೆಲ್ಲುವುದಿಲ್ಲ. ತೆಂಗಿನ ಬುಡಕ್ಕೋ ಬಸಳೆ ಚಪ್ಪರಕ್ಕೋ ಹೊಯ್ಯುತ್ತೇವೆ. ಅತ್ತಿಗೆಗೆ ಆ ವಾಸನೆ ಆಗದು, ಮೂಗು ಮುಚ್ಚಿಕೊಂಡು ದೂರ ಹೋಗುವಳು. ಅವಳ ಕೈಯಲ್ಲೇ ಆ ನೀರಿನ ಚೊಂಬು ಹಿಡಿಸಬೇಕು ಅನ್ನಿಸಿತು. ಗುರುವಾರ ಬೆಳಿಗ್ಗೆ ನನ್ನ ಮೊಬೈಲಿನ, ಮನೆಯವರಿಗೆ ಗೊತ್ತಿಲ್ಲದ ಎರಡನೇ ಸಿಮ್ಮಿನಿಂದ ಅವಳಿಗೆ ಫೋನು ಮಾಡಿ, ಮೇಷ್ಟ್ರ ಹಾಗೆಯೇ ಗಂಟಲು ಸರಿಮಾಡಿಕೊಂಡೆ.

"ಕಾಣಿ ಅಮ್ಮ, ಹುಳ ಬೇಗ ಹೆಚ್ಕಾರೆ ಮೀನಿನ್ ನೀರ್ ಕೊಡ್ಲಕ್ಕ್. ಆಯ್ತಲ್ಲ?"

"ಆಯ್ತ್ ಸರ್," ಅಂದಳು, ಒಂದೂ ಪ್ರಶ್ನೆ ಕೇಳದೆ.

ನಾನು ಒಬ್ಬನೇ ನಗುತ್ತ ಬೈಂದೂರಿಗೆ ಕೆಲಸದ ಮೇಲೆ ಹೋದೆ. ಆ ದಿನ ಮನೆಯಲ್ಲಿ ಹಸಿ ಮೀನಿರಲಿಲ್ಲ, ಸಾರಿಗೆ ಒಣಮೀನು ನೆನೆಸಿದ್ದರು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಒಣಮೀನಿನ ಮನೆಯಲ್ಲೇ ಹುಟ್ಟಿದವನಿಗೆ ಉಪ್ಪು ಮರೆತುಹೋಗಿತ್ತು.

ಮಧ್ಯಾಹ್ನ ಬಂದಾಗ ಅತ್ತಿಗೆ ತೊಟ್ಟಿಯ ಮುಂದೆ ನಿಂತಿದ್ದಳು. ಹುಳಗಳು ಗೋಡೆ ಹತ್ತುತ್ತಿದ್ದವು. ಕೆಲವು ಅಂಚು ದಾಟಿ ಬಿಸಿ ನೆಲಕ್ಕೆ ಬಿದ್ದು ಸುರುಟಿಕೊಂಡಿದ್ದವು. ಇರುವೆಗಳಿಗೆ ಆಗಲೇ ಸುದ್ದಿ ಹೋಗಿತ್ತು.

"ಎಂತ ಆಯ್ತ್ ಅತ್ತಿಗೆ?"

"ಸರ್ ಹೇಳ್ರ್ ಅಂದೇಳಿ ಮೀನಿನ್ ನೀರ್ ಹಾಕ್ದೆ. ಅವ್ರತ್ರವೇ ಕೇಂತೆ." ಬೆಳಿಗ್ಗೆ ಬಂದ ನಂಬರನ್ನೇ ಒತ್ತಿದಳು.

ನನ್ನ ಕಿಸೆ ಬಡಿದುಕೊಂಡಿತು. ಅವಳು ನನ್ನ ಕಿಸೆಯನ್ನೇ ನೋಡಿದಳು. ಫೋನು ತಾನಾಗಿ ನಿಲ್ಲುವವರೆಗೂ ನೋಡುತ್ತಲೇ ಇದ್ದಳು. ಬೈದಿದ್ದರೆ ಬೈಗುಳದ ಧಾಟಿಯನ್ನಾದರೂ ಕಲಿಯುತ್ತಿದ್ದೆ.

"ಈಗ ನಿಜ್ವಾದ್ ಸರಿಗೆ ಫೋನ್ ಮಾಡ್," ಅಂದಳು.

ಮಾಡಿದೆ. ತರಬೇತಿಯ ದಿನ ಅತ್ತಿಗೆಯನ್ನು ಕರೆದುಕೊಂಡು ಹೋಗಿದ್ದ ನಾನು ಚಹಾದ ಹೊತ್ತಿನಲ್ಲಿ ಅವರದೇ ಅಣಕ ಮಾಡುತ್ತಿದ್ದಾಗ ಹಿಂದೆ ನಿಂತು ಕೇಳಿಸಿಕೊಂಡವರು ಅವರು.

"ಸರ್, ಹುಳ ಸಾಯ್ತಾ ಇತ್."

"ಇವತ್ತ್ ಯಾರ ಸ್ವರ ಮಾರಾಯ ಇದ್? ಲಾಯ್ಕ್ ಇತ್."

"ನಂದೇ ಸರ್. ಆಣೆ ಮಾಡಿ ಹೇಳ್ತೆ."

"ಅಳುದನ್ನೂ ಕಲ್ತ್ಯಾ?" ಅಂದು ಇಟ್ಟುಬಿಟ್ಟರು.

ಅಷ್ಟರಲ್ಲಿ ಅಮ್ಮ ಚಾಪೆ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಳು. ಅತ್ತಿಗೆ ಫೋನು ಕಿತ್ತುಕೊಂಡು ಮತ್ತೆ ಕರೆ ಮಾಡಿದಳು. ಈ ಸಲ ಅವರು ನಂಬಿದರು. ಉಪ್ಪಿನ ನೀರು ಇಳಿದ ಮೇಲಿನ ಪದರ ತೆಗೆದು ಎಸೆಯಿರಿ, ಬದುಕಿದ ಹುಳಗಳನ್ನು ಒಳ್ಳೆ ನೀರಲ್ಲಿ ಅದ್ದಿ ತೆಗೆದು ಹಳೆ ಸೆಗಣಿಗೆ ಬಿಡಿ, ಒದ್ದೆ ಗೋಣಿ ಮುಚ್ಚಿ, ಬಿಸಿಲು ತಾಗಬಾರದು ಎಂದರು.

ಸಂಜೆಯವರೆಗೆ ಇಬ್ಬರೂ ಬೆರಳಲ್ಲಿ ಹುಳ ಆರಿಸಿದೆವು. ಮೆತ್ತಗೆ ಜೋತುಬಿದ್ದವು ಒಂದು ಕಡೆ, ಮಿಸುಕುವವು ಬುಟ್ಟಿಗೆ. ನಾನು ಬಾಯಿ ತೆರೆದಾಗಲೆಲ್ಲ ಅತ್ತಿಗೆಯ ಕೈ ನಿಲ್ಲುತ್ತಿತ್ತು, ಹಾಗಾಗಿ ಮುಚ್ಚಿದೆ. ಅಮ್ಮ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಇರುವೆ ಸಾಲು ಕಂಡು, "ಆ ಇರ್ಪಿಗಾರೂ ಬೂದಿ ಹಾಕಿ," ಅಂದಳು. ಬೂದಿಯನ್ನು ತಾನೇ ತಂದು ತೊಟ್ಟಿಯ ಸುತ್ತ ಗೆರೆ ಎಳೆದಳು.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಗೋಣಿ ಎತ್ತುವಾಗ ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಅವಳು ಸೆಗಣಿಯೊಳಗೆ ಕೈಯಿಟ್ಟು ಒಂದು ಹಿಡಿ ಮೇಲೆತ್ತಿದ್ದಳು. ಬೆರಳ ಸಂದಿಯಿಂದ ಹುಳಗಳು ಕೆಳಗೆ ನುಸುಳುತ್ತಿದ್ದವು, ಕತ್ತಲೆಯ ಕಡೆಗೆ, ಅವಸರವಾಗಿ. ಭಾನುವಾರ ಸಂಘಕ್ಕೆ ಕೊಡಲು ಕಷ್ಟದಲ್ಲಿ ಸಾಕು. ಅಮ್ಮ ಬಗ್ಗಿ ನೋಡಿ, ಚಾಪೆಯನ್ನು ಬಾವಿಯ ಆಚೆ ಬದಿಗೆ ಒಯ್ದು ಹಾಸಿದಳು.

ಈಗ ಕ್ಷಮೆ ಕೇಳಬಹುದು ಅನ್ನಿಸಿತು. ಹೊಸ ಸ್ವರವೊಂದನ್ನು ಸೇರಿಸಿ ನಗಿಸಿದರೆ ಹಗುರಾದೀತೆಂಬ ಆಸೆಯೂ ಇತ್ತು. "ಅತ್ತಿಗೆ, ನಾ ಎಂತ ಹೇಳುದಂದ್ರೆ..." ಎಂದು ಗಂಟಲು ಸರಿಮಾಡಿಕೊಂಡೆ.

ಅತ್ತಿಗೆ ಖಾಲಿ ಚೊಂಬನ್ನು ನನ್ನ ಕೈಗಿಟ್ಟಳು.

"ದಿನಾ ನೀರ್ ಚಿಮ್ಕ್ಸೂಕೆ ನೀನೇ ಬಾ. ಹೇಳುದೆಲ್ಲ ಹುಳಿನ್ ಹತ್ರ ಹೇಳ್. ಅವಕ್ಕೆ ಕೇಳುಕೆ ಕೆಮಿ ಇಲ್ಲೆ."