ಲೂಡಿಯ ಶ್ರುತಿ, ವರ್ನೀಸಳ ಹೊಟ್ಟೆಕಿಚ್ಚು

ಷಿಕಾಗೊ ನಗರದ ದಕ್ಷಿಣಕ್ಕೆ ಕಪ್ಪು ಜನರ ಕೇರಿಯಲ್ಲಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದ ವರ್ನೀಸ್ ಟಾಲಿವರ್ ಪೊಲೀಸರಿಗೆ ಹೆದರಿದವಳಲ್ಲ. ಅವಳ ಪರಮ ವೈರಿ ಬೇರೆಯೇ: ಚರ್ಚಿನಲ್ಲಿ ಹಾಡು ಎತ್ತಿಕೊಡುವ ಲೂಡಿ ಮ್ಯಾಪ್. ಲೂಡಿ ಮೊದಲ ಸಾಲು ಎತ್ತಬೇಕು, ಉಳಿದವರು ಅವಳ ಹಿಂದೆ ಹೋಗಬೇಕು. ವರ್ನೀಸ್ ಹಲ್ಲು ಕಡಿಯುತ್ತ ಹಿಂದೆ ಹೋಗಿಯೇ ಮುದುಕಿಯಾಗುತ್ತಿದ್ದಳು. ಕಳೆದ ವರ್ಷ ಪ್ರತಿಭಟನೆಯ ಮೆರವಣಿಗೆಯಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದು ಜೈಲು ಕಂಡು ಬಂದ ಮೇಲಂತೂ ಲೂಡಿಯ ಟೋಪಿಯೇ ಒಂದು ಗೇಣು ಎತ್ತರವಾಗಿತ್ತು.

ಈ ವರ್ಷ ಅದೇ ಕೇರಿಯ ಕ್ಷೌರಿಕ ಥೇಡಿಯಸ್‌ನನ್ನು ಪೊಲೀಸರು ಕಾರಿನಿಂದೆಳೆದು, ಒಂದು ಕಣ್ಣು ಹೋಗುವಂತೆ ಬಡಿದರು. ಅದನ್ನು ಪ್ರತಿಭಟಿಸಿ ಚರ್ಚಿನವರೆಲ್ಲ ಠಾಣೆಯ ಮುಂದೆ ರಸ್ತೆಯಲ್ಲೇ ಕುಳಿತರು. ಕಟ್ಟಳೆ ಒಂದೇ: ಹಾಡು ನಡೆಯುವವರೆಗೆ ಯಾರೂ ಏಳಕೂಡದು. ಹಾಡು ನಿಂತರೆ ಕಾಲು ತಾನಾಗಿ ಓಡುತ್ತದೆ.

"ಆ ಟೋಪಿ ಸ್ವಲ್ಪ ಬಗ್ಗಿಸ್ತೀಯೇನೇ? ನಂಗೆ ಪೊಲೀಸರೇ ಕಾಣ್ತಿಲ್ಲ" ಎಂದಳು ವರ್ನೀಸ್ ಹಿಂದಿನಿಂದ.

"ಕಂಡು ಏನ್ ಮಾಡ್ತೀಯ ತಾಯಿ? ಮೊದಲ್ನೇ ಸಲ ಬಂದಿದೀಯ. ಸುಮ್ನೆ ನನ್ ಹಿಂದೆ ಹಾಡು."

ಠಾಣೆಯ ಬಾಗಿಲು ತೆರೆಯಿತು. ಲಾಠಿಗಳ ಸಾಲು ಇಳಿದು ಬಂತು. ಲೂಡಿ ಹಾಡು ಎತ್ತಿದಳು. ಅಯ್ಯೋ, ಎಷ್ಟು ಮೇಲೆ! ಭಯಕ್ಕೆ ಶ್ರುತಿ ಚರ್ಚಿನ ಗೋಪುರ ಹತ್ತಿ ಕೂತಿತ್ತು. ಗಂಡಸರ ಗಂಟಲು ಒಡೆಯಿತು, ಹೆಂಗಸರದು ಕೀಚಲಾಯಿತು. ಕೆಲವರು ಎದ್ದೇಬಿಟ್ಟರು.

ವರ್ನೀಸಳ ಎದೆಯಲ್ಲಿ ಹಬ್ಬ! ಇನ್ನೊಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಲೂಡಿಯ ಸಾಮ್ರಾಜ್ಯ ಮಣ್ಣುಪಾಲು. ಆದರೆ ಪಕ್ಕದಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಥೇಡಿಯಸ್ ಒಡಕು ದನಿಯಲ್ಲಿ ಒಬ್ಬನೇ ಹಾಡುತ್ತಿದ್ದ.

"ಹಾಳಾಗ್ಹೋಗ್ಲಿ" ಎಂದು ಗೊಣಗಿ ವರ್ನೀಸ್ ಅದೇ ಸಾಲನ್ನು ತಗ್ಗಿನ ಶ್ರುತಿಯಲ್ಲಿ, ತನ್ನ ಇಸ್ತ್ರಿಪೆಟ್ಟಿಗೆಯಷ್ಟು ಭಾರವಾಗಿ ಹಿಡಿದಳು. ಎದ್ದವರು ಕೂತರು. ಪೊಲೀಸರು ಒಬ್ಬೊಬ್ಬರನ್ನೇ ಎತ್ತಿ ವ್ಯಾನಿಗೆ ಎಸೆದರೂ ಹಾಡು ಮುರಿಯಲಿಲ್ಲ.

ವ್ಯಾನಿನೊಳಗೆ ಲೂಡಿ ಬುಸುಗುಟ್ಟಿದಳು: "ನನ್ ಹಾಡು ಕದ್ದೆ ಅಲ್ವೇನೇ?"

"ಕದ್ದೆ. ಕಂಪ್ಲೇಂಟ್ ಕೊಡು ಹೋಗು, ಪೊಲೀಸರು ಮುಂದೇನೇ ಕೂತಿದಾರೆ."

ಬಿಡುಗಡೆಯಾದ ಮೇಲಿನ ಭಾನುವಾರ ಪಾದ್ರಿಗಳು ಯಾರನ್ನು ಹೊಗಳಬೇಕು? "ಅಂಥಾ ಹೊತ್ತಲ್ಲೂ ಹಾಡು ಎತ್ತಿಕೊಟ್ಟ ನಮ್ಮ ಸಿಸ್ಟರ್ ಲೂಡಿ!" ವರ್ನೀಸಳ ಹೊಟ್ಟೆಯಲ್ಲಿ ನಿಗಿನಿಗಿ ಕೆಂಡ.

ಲೂಡಿ ಹಾಡು ಎತ್ತಲು ಎದ್ದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಮೆಲ್ಲಗೆ ಹಿಂದಕ್ಕೆ ಬಾಗಿ ಪಿಸುಗುಟ್ಟಿದಳು: "ಹಾಡು ಬಿಟ್ಕೊಡಲ್ಲ. ಶ್ರುತಿ ಮಾತ್ರ ಕೊಡೇ."

ವರ್ನೀಸ್ ಗುನುಗಿದಳು. ಸರಿಯಾದ ಶ್ರುತಿಯಲ್ಲೇ ಗುನುಗಿದಳು. ಲೂಡಿ ಬೆವರಲಿ ಎಂದು ಕೊಂಚ ತಡಮಾಡಿ.